ಸೇಲಂ ಮ್ಯೂಸಿಯಂಗಳು: ಯಾವುದಕ್ಕೆ ದುಡ್ಡು ಕೊಡ್ಬಹುದು, ಯಾವುದಕ್ಕೆ ಬೇಡ

ನಮ್ಮ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯಿಂದ ಮಗಳ ಬಾಣಂತನಕ್ಕೆ ಅಂತ ಬಾಸ್ಟನ್ ಕಡೆ ಹೋಗುವ ಅಮ್ಮಂದಿರು ಈಗ ಬೇಕಾದಷ್ಟು ಜನ ಇದ್ದಾರೆ, ಅವರನ್ನು ಒಂದು ಶನಿವಾರ ಮಕ್ಕಳು ಖಂಡಿತ ಸೇಲಂಗೆ ಕರ್ಕೊಂಡು ಹೋಗ್ತಾರೆ, ಹಾಗಾಗಿ ಇದು ಅವರಿಗೋಸ್ಕರ. ತಮಿಳುನಾಡಿನ ಸೇಲಂ ಅಲ್ಲ ಮತ್ತೆ, ಮ್ಯಾಸಚೂಸೆಟ್ಸ್‌ನದ್ದು, ಕಡಲ ಕರೆಯ ಹಳೇ ಬಂದರು ಊರು. 1692ರಲ್ಲಿ ಮಾಟಗಾತಿಯರು ಅಂತ ಆರೋಪ ಹೊರಿಸಿ 19 ಜನರನ್ನು ನೇಣಿಗೆ ಹಾಕಿದ್ದು ಇಲ್ಲೇ. ಸುಟ್ಟು ಹಾಕಿದ್ರು ಅಂತ ನಾನೂ ನೀವೂ ಎಲ್ಲೋ ಕೇಳಿರ್ತೇವೆ, ಆದ್ರೆ ಇಲ್ಲಿ ಯಾರನ್ನೂ ಸುಟ್ಟದ್ದಿಲ್ಲ, ಇಂಗ್ಲಿಷ್ ಕಾನೂನಲ್ಲಿ ಇದಕ್ಕೆ ನೇಣು. ಆ 19ರಲ್ಲಿ 5 ಜನ ಗಂಡಸರು ಬೇರೆ.

ಊರಿಗೆ ಕಾಲಿಟ್ಟ ಕೂಡ್ಲೇ ಎಲ್ಲಿ ನೋಡಿದ್ರೂ ಮಾಟಗಾತಿ. ಟೀ ಶರ್ಟಲ್ಲಿ, ಐಸ್‌ಕ್ರೀಂ ಅಂಗಡಿ ಬೋರ್ಡಲ್ಲಿ, ಪೊಲೀಸರ ಗಾಡಿಯಲ್ಲಿ ಕೂಡ ಪೊರಕೆ ಮೇಲೆ ಕೂತ ಹೆಂಗಸಿನ ಚಿತ್ರ ಉಂಟು ಮಾರಾಯ್ರೆ, ಪೊಲೀಸರದ್ದು! ಮತ್ತೆ ಒಂದೊಂದು ಬೀದಿಗೂ ಒಂದೊಂದು "ಮ್ಯೂಸಿಯಂ". ಹೆಚ್ಚಿನದ್ದಕ್ಕೂ ಟಿಕೆಟ್ ಬೇರೆ ಬೇರೆ, ನಾಲ್ಕೈದು ಜನರ ಸಂಸಾರ ಎಲ್ಲದಕ್ಕೂ ಹೋದ್ರೆ ಊರಲ್ಲಿ ಒಂದು ಸಣ್ಣ ಪೂಜೆ ಮಾಡಿಸ್ಬಹುದು ಅಷ್ಟು ಖರ್ಚು. ನನ್ನ ಅಭಿಪ್ರಾಯ ಮೊದಲೇ ಹೇಳಿ ಬಿಡ್ತೇನೆ: ಮ್ಯೂಸಿಯಂ ಅಂತ ಬೋರ್ಡ್ ಇದ್ದದ್ದೆಲ್ಲ ಮ್ಯೂಸಿಯಂ ಅಲ್ಲ, ಅರ್ಧಕ್ಕರ್ಧ ಶೋ. ಟಿಕೆಟ್ ತೆಗೆಯುವ ಮೊದಲು ಕೌಂಟರಲ್ಲಿ ಒಂದೇ ಪ್ರಶ್ನೆ ಕೇಳಿ, ಒಳಗೆ 1692ರ ಕಾಲದ ನಿಜವಾದ ವಸ್ತು ಏನಾದ್ರೂ ಉಂಟಾ ಅಂತ. ಉತ್ತರ ಹೇಳ್ಲಿಕ್ಕೆ ತಡವರಿಸಿದ್ರೆ ಅದು ಬೊಂಬೆ ಅಂತಲೇ ಲೆಕ್ಕ.

ಎಲ್ಲರೂ ಮೊದಲು ಹೋಗುವುದು ಸೇಲಂ ವಿಚ್ ಮ್ಯೂಸಿಯಂಗೆ. ಹಳೇ ಚರ್ಚಿನ ಕಟ್ಟಡ, ಕೋಟೆ ಹಾಗೆ ಕಾಣ್ತದೆ, 1972ರಿಂದ ನಡೀತಾ ಉಂಟು. ಒಳಗೆ ಕತ್ತಲೆಯಲ್ಲಿ ಸುತ್ತ ಕೂತ್ಕೊಳ್ಬೇಕು, ಮೇಲೆ ಸುತ್ತಲೂ ಆಳೆತ್ತರದ ಗೊಂಬೆಗಳ ದೃಶ್ಯಗಳು, ಒಂದೊಂದಕ್ಕೇ ಲೈಟ್ ಬೀಳ್ತದೆ, ಹಿಂದಿನಿಂದ ಗಂಭೀರ ದನಿಯಲ್ಲಿ ಕಥೆ. ಆಮೇಲೆ ಇನ್ನೊಂದು ಭಾಗದಲ್ಲಿ ಮಾಟಗಾತಿ ಅನ್ನುವ ಕಲ್ಪನೆ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯ್ತು ಅಂತ ತೋರಿಸ್ತಾರೆ, ನನಗೆ ಅದೇ ಹೆಚ್ಚು ಹಿಡಿಸಿತು. ಕಥೆ ಏನೂ ಗೊತ್ತಿಲ್ಲದವರಿಗೆ ಮೊದಲು ಇದನ್ನು ನೋಡಿದ್ರೆ ಯಾರು ಯಾರು ಅಂತ ಒಂದು ಅಂದಾಜು ಸಿಗ್ತದೆ, ಅಷ್ಟರ ಮಟ್ಟಿಗೆ ಒಳ್ಳೇದೇ. ಟಿಕೆಟ್ ಮಾತ್ರ ಬೆಳಿಗ್ಗೆಯೇ ಫೋನಲ್ಲಿ ನೋಡಿ, ಸೀಸನಲ್ಲಿ ಬೇಗ ಖಾಲಿ.

ಇನ್ನೊಂದು ಕಡೆ ಹೋದೆವು, ಹೆಸರು ಬೇಡ. ನೆಲಮಾಳಿಗೆಯಲ್ಲಿ ಧೂಳು ಹಿಡಿದ ವಿಗ್ ಹಾಕಿದ ಬೊಂಬೆಗಳು, ಒಂದರ ಕೈ ಬೆರಳೇ ಇಲ್ಲ, ಮೂಲೆಯಲ್ಲಿ ಯಾರೋ ಕಿರುಚುವ ರೆಕಾರ್ಡಿಂಗ್, ಹೊರಗೆ ಬರಬೇಕಿದ್ರೆ ಗಿಫ್ಟ್ ಅಂಗಡಿ ಒಳಗಿಂದಲೇ ದಾಟಿ ಬರ್ಬೇಕು. ಇವರು (ನಮ್ಮ ಯಜಮಾನರು) "ಇದಕ್ಕಿಂತ ನಮ್ಮ ಶಾಲೆ ವಾರ್ಷಿಕೋತ್ಸವದ ಟ್ಯಾಬ್ಲೋ ಚಂದ ಇರ್ತಿತ್ತು" ಅಂದ್ರು. ಅಳಿಯ ಪಾಪ ದುಡ್ಡು ಕೊಟ್ಟವ, ಅವನ ಮುಖ ನೋಡಿ ನಾನು ಸುಮ್ಮನಾದೆ.

ವಿಚ್ ಹೌಸ್ ಬೇರೆಯೇ ಲೆವೆಲ್. ಹೆಸರು ಕೇಳಿ ಮಾಟಗಾತಿ ಇದ್ದ ಮನೆ ಅಂತ ತಿಳ್ಕೊಳ್ಬೇಡಿ, ಇದ್ದವನು ಜಡ್ಜ್. ಜೊನಾಥನ್ ಕಾರ್ವಿನ್ ಅಂತ, 1675ರಲ್ಲಿ ಈ ಮನೆ ತಗೊಂಡು ನಲವತ್ತು ವರ್ಷಕ್ಕೂ ಮೇಲೆ ಇಲ್ಲೇ ಬದುಕಿದ. ಆ ವಿಚಾರಣೆಗೆ ನೇರ ಸಂಬಂಧ ಇದ್ದ ಕಟ್ಟಡ ಅಂತ ಸೇಲಂ ಪೇಟೆಯಲ್ಲಿ ಇವತ್ತಿಗೂ ನಿಂತಿರುವುದು ಇದೊಂದೇ. 1940ರ ದಶಕದಲ್ಲಿ ರಸ್ತೆ ಅಗಲ ಮಾಡುವಾಗ ಕೆಡವಲಿಕ್ಕೆ ಹೊರಟಿದ್ರು, ಊರವರು ದುಡ್ಡು ಒಟ್ಟು ಮಾಡಿ ಇಡೀ ಮನೆಯನ್ನೇ ಸುಮಾರು 35 ಅಡಿ ಹಿಂದೆ ಸರಿಸಿ ಉಳಿಸಿದ್ರು. (ನಮ್ಮಲ್ಲಿ ಹೈವೇಗೆ ಹೋದ ಮನೆಗಳನ್ನು ನೆನಪು ಮಾಡಿ ಇವರು ಒಂದು ದೊಡ್ಡ ಉಸಿರು ಬಿಟ್ರು.) ಕಪ್ಪು ಮರದ ಹಲಗೆ, ತಗ್ಗು ಮಾಡು, ಸಣ್ಣ ಸಣ್ಣ ಕಿಟಕಿ, ದೊಡ್ಡ ಒಲೆ. ಆಗಿನವರು ಏನು ತಿಂತಿದ್ರು, ಕಾಯಿಲೆಗೆ ಏನು ಮದ್ದು ಮಾಡ್ತಿದ್ರು, ಎಂತದಕ್ಕೆಲ್ಲ ಹೆದರ್ತಿದ್ರು ಅಂತ ಓದ್ಲಿಕ್ಕೆ ಬೇಕಾದಷ್ಟು ಬರೆದಿಟ್ಟಿದ್ದಾರೆ. ಈ ಗಲಾಟೆ ಶುರುವಾದಾಗ ಒಂದು ಕೇಕ್ ಮಾಡಿದ್ರಂತೆ, ರೈ ಅನ್ನುವ ಧಾನ್ಯದ ಹಿಟ್ಟಿಗೆ, ಮಾಟ ತಾಗಿದೆ ಅಂತ ನರಳ್ತಿದ್ದ ಹುಡುಗಿಯರ ಮೂತ್ರ ಕಲಸಿ ಬೇಯಿಸಿ ನಾಯಿಗೆ ತಿನ್ನಿಸುವುದು, ಯಾರು ಮಾಟ ಮಾಡಿದ್ದು ಅಂತ ಗೊತ್ತಾಗ್ಲಿಕ್ಕೆ. ನಾವು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ ಚಟಪಟ ಸದ್ದು ಕೇಳುವ ಹಾಗೆಯೇ, ಅಷ್ಟರಲ್ಲೇ ಮುಗಿದಿದ್ರೆ ಎಷ್ಟು ಒಳ್ಳೇದಿತ್ತು. ಇಲ್ಲಿ ಅದರ ಮೇಲೆ ಕೋರ್ಟು ಕೂತಿತು.

ಮತ್ತೆ ಪೀಬಾಡಿ ಎಸೆಕ್ಸ್ ಮ್ಯೂಸಿಯಂ. ದಿನಕ್ಕೆ ಒಂದೇ ಕಡೆ ಹೋಗ್ಲಿಕ್ಕೆ ಟೈಂ ಇದ್ರೆ ಇಲ್ಲಿಗೇ ಹೋಗಿ, ಮಕ್ಕಳ ಮಾತು ಕೇಳ್ಬೇಡಿ. ಹೊರಗಿಂದ ನೋಡಿದ್ರೆ ಮಾಟಗಾತಿ ಸುದ್ದಿಯೇ ಇಲ್ಲ, ಆದ್ರೆ ನಿಜವಾದ ವಸ್ತು ಇರುವುದು ಇಲ್ಲಿ. ಜಾರ್ಜ್ ಜೇಕಬ್ಸ್ ಅಂತ ಒಬ್ಬ ಮುದುಕ, ಎರಡು ಊರುಗೋಲು ಹಿಡಿದು ನಡೆಯುವವ, ಅವನನ್ನು 1692ರ ಆಗಸ್ಟ್ 19ಕ್ಕೆ ನೇಣಿಗೆ ಹಾಕಿದ್ರು. ಆ ಊರುಗೋಲು ಈ ಮ್ಯೂಸಿಯಂ ಸಂಗ್ರಹದಲ್ಲಿ ಉಂಟು. ಅವನ ಮೇಲೆ ಹೇಳಿಕೆ ಕೊಟ್ಟವರಲ್ಲಿ ಅವನ ಸ್ವಂತ ಮೊಮ್ಮಗಳೂ ಇದ್ಳು, ತನ್ನ ಜೀವ ಉಳಿಸ್ಲಿಕ್ಕೆ, ಆಮೇಲೆ ತಡೀಲಿಕ್ಕಾಗದೆ ನಾನು ಹೇಳಿದ್ದು ಸುಳ್ಳು ಅಂತ ಬಾಯಿ ಬಿಟ್ಳು, ಆದ್ರೂ ಅಜ್ಜ ಉಳೀಲಿಲ್ಲ. ಇಡೀ ಪ್ರಕರಣದ ವಿಚಿತ್ರ ಅಂದ್ರೆ ಅದೇ: ಹೌದು ನಾನು ಮಾಟಗಾತಿ ಅಂತ ಒಪ್ಪಿಕೊಂಡವರನ್ನು ಗಲ್ಲಿಗೆ ಹಾಕ್ಲಿಲ್ಲ, ನಾನಲ್ಲ ಅಂತ ಕೊನೇವರೆಗೆ ಹೇಳಿದವರೇ ಸತ್ತದ್ದು. ಸಾಕ್ಷಿ ಎಂತದ್ದು ಅಂದ್ರೆ, ಇವಳ ರೂಪ ರಾತ್ರಿ ಬಂದು ನನ್ನನ್ನು ಚಿವುಟಿತು ಅಂತ ಒಬ್ಬಳು ಹುಡುಗಿ ಹೇಳಿದ್ರೆ ಸಾಕು, ಬೇರೆ ಯಾರಿಗೂ ಕಾಣದಿದ್ರೂ ಅದು ಸಾಕ್ಷಿ. ಅಕ್ಟೋಬರಲ್ಲಿ ಗವರ್ನರ್ ಆ ಕೋರ್ಟನ್ನೇ ಮುಚ್ಚಿದ, ಮುಂದಿನ ಕೋರ್ಟಲ್ಲಿ ಅಂಥ ಸಾಕ್ಷಿ ನಡೀಲಿಲ್ಲ, ಕೇಸುಗಳು ಹೆಚ್ಚಿನವು ಬಿದ್ದೇ ಹೋದವು. ವಿಚಾರಣೆಯ ಮೂಲ ಕಾಗದಗಳು 500ಕ್ಕೂ ಹೆಚ್ಚು ಈ ಮ್ಯೂಸಿಯಂ ಕೈಯಲ್ಲೇ ದಶಕಗಟ್ಲೆ ಇದ್ದವು, 2023ರಲ್ಲಿ ಅದನ್ನು ರಾಜ್ಯದ ಕೋರ್ಟಿಗೆ ವಾಪಸ್ ಕೊಟ್ಟಿದ್ದಾರೆ.

ಇವರಿಗೆ ಈ ಮಾಟದ ಸುದ್ದಿಯಲ್ಲಿ ಒಂಚೂರೂ ಇಂಟರೆಸ್ಟ್ ಇರ್ಲಿಲ್ಲ, ಬೆಂಚು ಸಿಕ್ಕಿದಲ್ಲಿ ಕೂತ್ಕೊಳ್ಳುವುದು. ಒಳ್ಳೆಮೆಣಸಿನ ಹೆಸರು ಬಂದ ಕೂಡ್ಲೇ ಎದ್ದು ನಿಂತ್ರು ನೋಡಿ! ಈ ಮ್ಯೂಸಿಯಂ ಶುರು ಮಾಡಿದ್ದೇ ಹಡಗಿನ ಕ್ಯಾಪ್ಟನ್‌ಗಳು, 1799ರಲ್ಲಿ, ಗುಡ್ ಹೋಪ್ ಭೂಶಿರವನ್ನೋ ಹಾರ್ನ್ ಭೂಶಿರವನ್ನೋ ದಾಟಿ ಹೋದವರಿಗೆ ಮಾತ್ರ ಅವರ ಸಂಘದಲ್ಲಿ ಜಾಗ. ಹೋದ ಹೋದ ಕಡೆಯಿಂದ ತಂದ ವಸ್ತುಗಳನ್ನು ಇಟ್ಟದ್ದೇ ಮ್ಯೂಸಿಯಂ ಆಯ್ತು. ಸೇಲಂ ಶ್ರೀಮಂತ ಆದದ್ದೇ ಆ ವ್ಯಾಪಾರದಿಂದ, ಅದರಲ್ಲಿ ಒಳ್ಳೆಮೆಣಸಿಗೆ ದೊಡ್ಡ ಪಾಲು. ನಮ್ಮ ಮಲಬಾರಿನದ್ದಲ್ಲ, ಹೆಚ್ಚಾಗಿ ಸುಮಾತ್ರದ್ದು. 1790ರ ದಶಕದಲ್ಲಿ ಜೊನಾಥನ್ ಕಾರ್ನ್ಸ್ ಅನ್ನುವ ಕ್ಯಾಪ್ಟನ್ ಎಲ್ಲಿಂದ ತಂದದ್ದು ಅಂತ ಯಾರಿಗೂ ಹೇಳದೆ ಗುಟ್ಟಾಗಿ ಒಂದು ಹಡಗು ಮೆಣಸು ತಂದು ಏಳು ಪಾಲು ಲಾಭ ಮಾಡಿದನಂತೆ, ಹಡಗಿನ ಹೆಸರೂ ರಾಜಾ. ಸೇಲಂ ನಗರಸಭೆಯ 1839ರ ಮುದ್ರೆಯಲ್ಲಿ ಮಾಟಗಾತಿ ಇಲ್ಲ, ಸುಮಾತ್ರದ ಕಡೆಯ ಒಬ್ಬ ಮನುಷ್ಯ ನಿಂತಿದ್ದಾನೆ, ಜೊತೆಗೆ ಸಿರಿವಂತ ಪೂರ್ವದ ಕೊನೇ ಬಂದರಿನವರೆಗೆ ಅನ್ನುವ ಅರ್ಥದ ಲ್ಯಾಟಿನ್ ವಾಕ್ಯ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿ ಪ್ರತೀ ಮಳೆಗಾಲ ಸೊರಗು ರೋಗಕ್ಕೆ ಸಾಯುವುದನ್ನು ನೋಡಿ ನೋಡಿ ಸಾಕಾದ ಇವರು ಅಲ್ಲಿದ್ದ ಹುಡುಗನ ಹತ್ರ "ಆವಾಗ ಮೆಣಸಿಗೆ ರೇಟ್ ಎಷ್ಟಿತ್ತು" ಅಂತ ಕೇಳಿಸಿದ್ರು, ಮಗಳು ಇಂಗ್ಲಿಷಲ್ಲಿ ಕೇಳಿದ್ಳು, ಅವ ನಕ್ಕ, ಅಷ್ಟೇ.

ಅಲ್ಲೇ ಒಳಗೆ ಚೀನಾದ ಒಂದು ಇಡೀ ಮನೆ ಉಂಟು, ಯಿನ್ ಯು ಟ್ಯಾಂಗ್ ಅಂತ. ಸುಮಾರು 200 ವರ್ಷ ಹಳೇ ವ್ಯಾಪಾರಿ ಕುಟುಂಬದ ಮನೆ, ಬಿಚ್ಚಿ ತಂದು ಇಲ್ಲಿ ಜೋಡಿಸಿ 2003ರಲ್ಲಿ ತೆರೆದದ್ದು, ನಡುವೆ ಅಂಗಳ, ಸುತ್ತ ಮಾಳಿಗೆ. ಹುಸೇನ್ ಮತ್ತೆ ನಮ್ಮ ಬೇರೆ ಕಲಾವಿದರ ಚಿತ್ರಗಳ ದೊಡ್ಡ ಸಂಗ್ರಹವೂ ಈ ಮ್ಯೂಸಿಯಂನಲ್ಲಿ ಉಂಟು, ಎಲ್ಲ ಒಟ್ಟಿಗೆ ಇಟ್ಟಿರುವುದಿಲ್ಲ. ವಾರದಲ್ಲಿ ಕೆಲವು ದಿನ ರಜೆ, ನೋಡಿಕೊಂಡೇ ಹೊರಡಿ.

ಒಂದು ರೂಪಾಯಿ ಖರ್ಚಿಲ್ಲದ ಜಾಗ, ಆದ್ರೆ ನನಗೆ ಎಲ್ಲಕ್ಕಿಂತ ಮೇಲೆ ಅನಿಸಿದ್ದು, ಹಳೇ ಸ್ಮಶಾನದ ಪಕ್ಕದ ಸ್ಮಾರಕ. 300 ವರ್ಷ ಆದಾಗ 1992ರಲ್ಲಿ ಮಾಡಿದ್ದು. ಕಲ್ಲಿನ ಗೋಡೆಯಿಂದ ಹೊರಗೆ ಚಾಚಿದ 20 ಕಲ್ಲುಹಲಗೆ, ಒಂದೊಂದರಲ್ಲಿ ಒಂದು ಹೆಸರು, ಹೇಗೆ ಸತ್ತದ್ದು, ಯಾವ ತಾರೀಕು, ಮತ್ತೇನಿಲ್ಲ. (19 ನೇಣು, ಇಪ್ಪತ್ತನೆಯವ ಜೈಲ್ಸ್ ಕೋರಿ, ಎಂಬತ್ತರ ಆಸುಪಾಸಿನ ರೈತ, ತಪ್ಪಿತಸ್ಥನೋ ಅಲ್ವೋ ಅಂತ ಬಾಯಿ ಬಿಡದ್ದಕ್ಕೆ ಎದೆ ಮೇಲೆ ಕಲ್ಲು ಹೇರಿ ಕೊಂದರು.) ಒಳಗೆ ಕಾಲಿಡುವಲ್ಲಿ ನೆಲದ ಕಲ್ಲಲ್ಲಿ ಅವರ ಮಾತುಗಳನ್ನು ಕೆತ್ತಿದ್ದಾರೆ, ನಾನು ನಿರಪರಾಧಿ, ದೇವರಿಗೆ ಗೊತ್ತು ಅಂತೆಲ್ಲ, ಆ ವಾಕ್ಯಗಳು ಗೋಡೆಯಡಿಗೆ ಹೋಗಿ ಅರ್ಧಕ್ಕೇ ಕಡಿದು ಹೋಗ್ತವೆ. ರೆಬೆಕಾ ನರ್ಸ್ ಅಂತ 71ರ ಅಜ್ಜಿ, ಕಿವಿ ಸರಿ ಕೇಳ್ತಿರ್ಲಿಲ್ಲ. ಜ್ಯೂರಿ ಮೊದಲು ತಪ್ಪಿಲ್ಲ ಅಂದಿತ್ತು, ಮತ್ತೆ ಎಂತದೋ ಒಂದು ಪ್ರಶ್ನೆ ಕೇಳಿದ್ರು, ಅವರಿಗೆ ಕೇಳಿಸಲಿಲ್ಲ, ಉತ್ತರ ಕೊಡ್ಲಿಲ್ಲ, ಅದನ್ನೇ ಅಪರಾಧಕ್ಕೆ ಹಿಡಿದ್ರು. ಸಾರಾ ಗುಡ್ ಅನ್ನುವವಳ ಹಸುಗೂಸು ಜೈಲಲ್ಲೇ ಸತ್ತಿತು, ನಾಲ್ಕೈದು ವರ್ಷದ ಮಗಳನ್ನೂ ಮಾಟಗಾತಿ ಅಂತ ಸರಪಳಿ ಹಾಕಿ ತಿಂಗಳುಗಟ್ಲೆ ಇಟ್ಟಿದ್ರು. ಮೇಲಿಂದ ಜೈಲಿನ ಊಟದ ಖರ್ಚು, ಸರಪಳಿಯ ಖರ್ಚು ಕೂಡ ಕೈದಿಗಳೇ ಕೊಡ್ಬೇಕು, ಕೊಡದೆ ಬಿಡುಗಡೆ ಇಲ್ಲ. ಮಗಳು ಗಾಡಿಯಲ್ಲಿ ಮಗುವನ್ನು ಇಟ್ಕೊಂಡು ಅಲ್ಲೇ ನಿಂತಿದ್ಳು, "ಅಮ್ಮಾ ಸಾಕು, ಮುಂದೆ ಹೋಗುವಾ" ಅಂದ್ಳು, ಹೋದೆವು.

ನನಗೆ ಅಲ್ಲಿ ನೆನಪಾದದ್ದು ಮುಚ್ಚಿಲೋಟ್ ಭಗವತಿ. ನಮ್ಮ ಕಾಸರಗೋಡು, ಕಣ್ಣೂರು ಕಡೆ ತೆಯ್ಯಂ ನೋಡಿದವರಿಗೆ ಕಥೆ ಗೊತ್ತಿರ್ತದೆ, ಓದಿ ವಾದದಲ್ಲಿ ಗಂಡಸರನ್ನು ಸೋಲಿಸಿದ ಹುಡುಗಿ ಮೇಲೆ ಇಲ್ಲದ ಆರೋಪ ಹಾಕಿ ಊರಿಂದ ಹೊರಗೆ ಹಾಕಿದ್ರು, ಅವಳು ಬೆಂಕಿಗೆ ಹಾರಿದ್ಳು, ಈಗ ಅದೇ ಊರುಗಳ ಜನ ಅವಳ ಎದುರು ಕೈಮುಗಿದು ನಿಲ್ತಾರೆ. ನಾವೇನು ದೊಡ್ಡ ಸಾಚಾಗಳು ಅಂತ ಹೇಳ್ಲಿಕ್ಕಲ್ಲ, ಹುಡುಗಿ ಬದುಕಿರುವಾಗ ಯಾರೂ ಅವಳ ಪರ ಬರ್ಲಿಲ್ಲ. ಆದ್ರೆ ಅವಳ ಮುಖದ ಗೊಂಬೆ ಮಾಡಿ ಕೀಚೈನ್ ಮಾರ್ಲಿಕ್ಕೆ ಇಲ್ಲಿ ಯಾರಿಗೂ ಧೈರ್ಯ ಬರ್ಲಿಕ್ಕಿಲ್ಲ. ಸೇಲಂನಲ್ಲಿ ಸತ್ತವರು ಯಾರೂ ಮಾಟಗಾತಿಯರೇ ಅಲ್ಲ, ಸಾಮಾನ್ಯ ಹೆಂಗಸರು, ಗಂಡಸರು, ಅವರ ಹೆಸರಲ್ಲೇ ಊರಿಡೀ ಚೂಪು ಟೋಪಿ ವ್ಯಾಪಾರ, ಅದೊಂದು ನನಗೆ ಕೊನೇವರೆಗೂ ಗಂಟಲಿಗೆ ಇಳೀಲಿಲ್ಲ. ಅಲ್ಲಿಗೆ ಹತ್ತಿರದ ನಾರ್ತ್ ಆಂಡೋವರ್ ಊರಿನ ಮಕ್ಕಳನ್ನು ಮೆಚ್ಚಬೇಕು, ಎಲಿಜಬೆತ್ ಜಾನ್ಸನ್ ಅನ್ನುವ ಒಬ್ಬಳ ಹೆಸರಿಂದ ಮಾತ್ರ ಕಳಂಕ ತೆಗೆಯುವುದು ಬಾಕಿ ಇತ್ತು, ಎಂಟನೇ ಕ್ಲಾಸಿನ ಮಕ್ಕಳು ಪಟ್ಟು ಹಿಡಿದು 2022ರಲ್ಲಿ ಅದನ್ನೂ ಮಾಡಿಸಿದ್ರು. ನಾನು ಟೀಚರಾಗಿ ರಿಟೈರ್ ಆದವಳು, ಹಾಗಾಗಿ ಇದನ್ನು ಎಲ್ಲರಿಗೂ ಹೇಳ್ತಾ ಇರ್ತೇನೆ.

ಹೌಸ್ ಆಫ್ ದಿ ಸೆವೆನ್ ಗೇಬಲ್ಸ್ ಕೂಡ ನೋಡಿದೆವು, 1668ರ ಮನೆ, ಕಡಲಿಗೆ ತಾಗಿಕೊಂಡೇ ಉಂಟು, ತೋಟ ಚಂದ. ಮಾಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಳಗೆ ಗುಟ್ಟಿನ ಮೆಟ್ಟಿಲು ಉಂಟು, ಭಾರೀ ಇಕ್ಕಟ್ಟು ಮತ್ತೆ ಕಡಿದು, ಗಂಟು ನೋವಿನವರು ಗೈಡಿಗೆ ಮೊದಲೇ ಹೇಳಿ. ಹಾಗೇ ಡರ್ಬಿ ವಾರ್ಫ್ ಅನ್ನುವ ಹಳೇ ಹಡಗುಕಟ್ಟೆಯ ಉದ್ದಕ್ಕೆ ನಡೀಬಹುದು, ಸರ್ಕಾರದ್ದು, ಫ್ರೀ, 1797ರ ಫ್ರೆಂಡ್‌ಶಿಪ್ ಹಡಗಿನ ಪ್ರತಿಕೃತಿಯ ಜಾಗ ಅದೇ.

ಹೋಗುವುದಾದ್ರೆ: ಬಾಸ್ಟನ್ ನಾರ್ತ್ ಸ್ಟೇಷನ್ನಿಂದ ರೈಲು, ಅರ್ಧ ಗಂಟೆ ಚಿಲ್ಲರೆ, ಇಳಿದ ಮೇಲೆ ಎಲ್ಲ ನಡೆಯುವ ದೂರ. ಕಾರು ತಗೊಂಡು ಹೋದ್ರೆ ಪಾರ್ಕಿಂಗಿಗೇ ಅರ್ಧ ದಿನ. ಅಕ್ಟೋಬರ್ ಬೇಡವೇ ಬೇಡ, ಹ್ಯಾಲೋವೀನ್ ಅಂತ ಲಕ್ಷಗಟ್ಲೆ ಜನ, ಮಗುವಿನ ಗಾಡಿ ನೂಕ್ಲಿಕ್ಕೂ ಜಾಗ ಇರುವುದಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಪಿಜ್ಜಾ, ಚಿಪ್ಸ್ ಬಿಟ್ಟು ನನಗೇನೂ ಕಾಣ್ಲಿಲ್ಲ, ಸಮುದ್ರದ ಊರಲ್ವಾ, ಎಲ್ಲ ಮೀನು ಸಿಗಡಿ, ನಾವು ಬುತ್ತಿಯಲ್ಲಿ ಮೊಸರನ್ನ, ನೆಲ್ಲಿಕಾಯಿ ಉಪ್ಪಿನಕಾಯಿ ತಗೊಂಡು ಹೋಗಿದ್ದೆವು, ಸೇಲಂ ಕಾಮನ್ ಅನ್ನುವ ಪಾರ್ಕಿನ ಹುಲ್ಲಲ್ಲಿ ಕೂತು ಉಂಡೆವು, ಯಾರೂ ಏನೂ ಹೇಳ್ಲಿಲ್ಲ. ರೆಬೆಕಾ ನರ್ಸ್ ಅವರ ಮನೆ ಈಗಲೂ ಉಂಟಂತೆ, ಅದು ಪಕ್ಕದ ಡ್ಯಾನ್ವರ್ಸ್ ಊರಲ್ಲಿ, ಆಗಿನ ಸೇಲಂ ವಿಲೇಜ್ ಅಂದ್ರೆ ಅದೇ, ಗಲಾಟೆ ಶುರುವಾದದ್ದೂ ಅಲ್ಲೇ. ಅದಕ್ಕೆ ಮಾತ್ರ ಕಾರು ಬೇಕು, ವರ್ಷವಿಡೀ ತೆರೆದಿರುವುದೂ ಇಲ್ಲ, ಅಳಿಯನ ಹತ್ರ ಮೊದಲೇ ಫೋನ್ ಮಾಡಿಸಿ ಕೇಳಿ.