14567 ಹಿರಿಯರ ಸಹಾಯವಾಣಿ: ಸೋದರತ್ತೆಗಾಗಿ ಫೋನ್ ಮಾಡಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದನ್ನ ಯಾಕೆ ಹಿಡಿದಿಟ್ಟೆ ಅಂತ ಆಮೇಲೆ ಹೇಳ್ತೀನಿ.

ನಾನು ಟೈಲರ್. ಸೋದರತ್ತೆಯ ರವಿಕೆಗಳನ್ನೆಲ್ಲ ಹೊಲಿಯೋದು ನಾನೇ. ಯುಗಾದಿಗೆ ಅಂತ ಅಳತೆ ತೆಗೆದಾಗ ತೋಳಿನ ಸುತ್ತಳತೆ ಹಳೇ ಅಳತೆಗಿಂತ ಎರಡು ಇಂಚು ಕಡಿಮೆ ಬಂತು. ಒಳತೋಳಿನಲ್ಲಿ ಬೆರಳು ಒತ್ತಿ ಹಿಡಿದಂಥ ನೀಲಿ ಗುರುತು, ಸಾಲಾಗಿ. "ಬಾಗಿಲು ತಗುಲ್ತು ಕಣೇ" ಅಂದ್ರು. ಬಾಗಿಲು ಒಳತೋಳಿಗೆ ಹೇಗೆ ತಗುಲುತ್ತೆ? ಅಲ್ಲಿಂದ ಬೇರೆಯವೂ ಕಣ್ಣಿಗೆ ಬೀಳತೊಡಗಿದವು. ಗೃಹಲಕ್ಷ್ಮಿ ದುಡ್ಡು ಬರೋದು ಅತ್ತೆ ಖಾತೆಗೆ, ಎಟಿಎಂ ಕಾರ್ಡ್ ಇರೋದು ಮಗನ ಜೇಬಲ್ಲಿ. ಬಿಪಿ ಮಾತ್ರೆ ಮುಗಿದು ಎಷ್ಟು ದಿನ ಆಗಿತ್ತೋ. ಫೋನ್ ಮಾಡಿದ್ರೆ ಸೊಸೆ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರ್ತಾಳೆ.

ನಮ್ಮ ಕಡೆ ಇಂಥದ್ದಕ್ಕೆ ನಾಲ್ಕು ಜನ ಹಿರಿಯರನ್ನ ಕೂರಿಸಿ ನ್ಯಾಯ ಮಾಡ್ತಾರೆ. ಮಗ ತಲೆ ತಗ್ಗಿಸ್ತಾನೆ, ಎಲ್ಲರೂ ಕಾಫಿ ಕುಡಿದು ಎದ್ದು ಹೋಗ್ತಾರೆ. ರಾತ್ರಿ ಆ ಮನೇಲಿ ಅವನ ಜೊತೆ ಉಳಿಯೋದು ಅತ್ತೆ ಒಬ್ಬರೇ. ಅದಕ್ಕೇ ಅಂಗಡಿ ಬಾಗಿಲು ಹಾಕ್ಕೊಂಡು 14567 ಒತ್ತಿದೆ.

ಮಾತಾಡಿದ ಹೆಣ್ಣುಮಗಳು ಕನ್ನಡದವರೇ. ದುಡ್ಡಿಲ್ಲದ ಕರೆ. ಪುರಾವೆ ಇದೆಯಾ ಅಂತ ಕೇಳಲಿಲ್ಲ, ಅನುಮಾನ ಇದ್ರೆ ಸಾಕು ಅಂದ್ರು. ಈಗಿಂದೀಗ ಪ್ರಾಣಕ್ಕೆ ಅಪಾಯ ಇದ್ರೆ 112ಕ್ಕೆ ಮಾಡಿ ಅಂದು, ಆಮೇಲೆ ಕೇಳಿದ್ರು: "ಅವರಿಗೆ ಏನು ಬೇಕಂತೆ? ಒಬ್ಬರೇ ಇದ್ದಾಗ ಕೇಳಿದೀರಾ?" ನನಗೆ ಸಿಟ್ಟು ಬಂತು. ಏಟು ತಿಂದವರನ್ನ ಏನು ಬೇಕು ಅಂತ ಕೇಳೋದಾ? ಆದರೂ ಹೇಳಿದಂತೆ ಮಾಡಿದೆ. ಮಗನ ಹತ್ತಿರ ಬಾಯಿ ಬಿಡಲಿಲ್ಲ. ಕಂಡಿದ್ದನ್ನೆಲ್ಲ ತಾರೀಖು ಹಾಕಿ ಅಳತೆ ಪುಸ್ತಕದ ಹಿಂದೆ ಬರೆದಿಟ್ಟೆ. ರವಿಕೆ ತೊಟ್ಟು ನೋಡೋ ನೆಪದಲ್ಲಿ ಅಂಗಡಿಗೆ ಕರೆಸ್ಕೊಂಡೆ, ಹಾಗೇ ಬಿಪಿ ತೋರಿಸೋಣ ಅಂತ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ತೋಳಿನ ಗುರುತು ಅವರ ಚೀಟಿಗೂ ಬಂತು.

ಅತ್ತೆ ಬಾಯಿಬಿಟ್ಟಿದ್ದು ಹಿಂಗೆ: "ಪೊಲೀಸ್ ಬೇಡವೇ ತಾಯಿ. ನನ್ನ ಕಾರ್ಡ್ ನನಗೆ ಕೊಡಿಸು, ಮಾತ್ರೆ ಕೊಡಿಸು. ಮನೆ ಬಿಟ್ಟು ನಾನೆಲ್ಲೂ ಬರಲ್ಲ." ನಾನಾಗಿದ್ರೆ ನೇರ ಠಾಣೆಗೇ ಹೋಗಿರ್ತಿದ್ದೆ. ಸಹಾಯವಾಣಿಯವರು ಅತ್ತೆ ಕೇಳಿದ್ದಷ್ಟಕ್ಕೇ ಕೈ ಹಾಕಿದ್ರು. ಫೀಲ್ಡ್ ಆಫೀಸರ್ ಮನೆಗೆ ಬಂದು, ನನ್ನ ಹೆಸರೆತ್ತದೆ, ಮಗನನ್ನ ಕೂರಿಸಿಕೊಂಡು ಕಾನೂನು ಹೇಳಿದ್ರು. ಕಾರ್ಡ್ ವಾಪಸ್ ಬಂತು.

ಆ ಕಾನೂನು 2007ರದ್ದು, ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯದ್ದು. ಅರ್ಜಿ ಕೊಡಬೇಕಾದ್ದು ಎಸಿ ಅವರಿಗೆ, ಅಂದ್ರೆ ಉಪವಿಭಾಗಾಧಿಕಾರಿಗೆ. ವಕೀಲರನ್ನ ಇಡಲೇಬೇಕು ಅಂತಿಲ್ಲ. ಓಡಾಡಕ್ಕಾಗದ ಹಿರಿಯರು ಒಪ್ಪಿ ಕಳಿಸಿದವರೂ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸ್ತಾರೆ. ನಮಗೆ ಮುಖ್ಯವಾದ್ದು 23ನೇ ಕಲಂ, ಯಾಕಂದ್ರೆ ಅತ್ತೆ ಮನೆಯನ್ನ ಮಗನಿಗೆ ದಾನಪತ್ರ ಮಾಡಿಬಿಟ್ಟಿದಾರೆ. ನೋಡಿಕೊಳ್ತೀನಿ ಅಂತ ಬರೆಸಿಕೊಂಡು ನೋಡಿಕೊಳ್ಳದಿದ್ರೆ ಆ ಪತ್ರ ರದ್ದಾಗಬಹುದು. ಷರತ್ತು ಪತ್ರದಲ್ಲೇ ಬರೆದಿದ್ರೆ ಕೆಲಸ ಸುಲಭ, ಇಲ್ಲದಿದ್ರೆ ಜಗ್ಗಾಟ. ಮನೆ ಬರೆದುಕೊಡೋ ಯೋಚನೆ ಇರೋರು ಮೊದಲು ಆ ಸಾಲು ಹಾಕಿಸಿ. ಅತ್ತೆ ಸದ್ಯಕ್ಕೆ ಆ ದಾರಿ ಬೇಡ ಅಂದಿದಾರೆ.

ಸ್ಟಾರ್ ಹಿಡಿದಿಟ್ಟಿದ್ದು ಸಮಯಕ್ಕೆ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಕುಡಿದು ಬರೋ ಮಗ ಎಂಟರೊಳಗೆ ಬರ್ತಾನಾ? ರಾತ್ರಿಗೆ 112, ಹೆಂಗಸರಾದ್ರೆ 181 ಕೂಡ ಇದೆ. ಬೆಂಗಳೂರಲ್ಲಿರೋರಿಗೆ ಹಿರಿಯರದ್ದೇ ಅಂತ 1090 ಬೇರೆ ಇದೆ.

ಅತ್ತೆ ಫೋನಲ್ಲಿ 14567ನ್ನ "ಫಾಲ್ಸ್ ಅಂಗಡಿ" ಅಂತ ಸೇವ್ ಮಾಡಿಕೊಟ್ಟಿದೀನಿ, ಸೊಸೆ ಫೋನ್ ತಡಕೋ ಅಭ್ಯಾಸ ಇನ್ನೂ ಬಿಟ್ಟಿಲ್ಲ.