ಪ್ಲಗ್ ಕೆಂಪಾದರೆ ಸಾಲದು: ನೈಟ್ರೋ ಕಾರಿನ ಇಗ್ನೈಟರ್ ಬಗ್ಗೆ

ನನ್ನ ನೈಟ್ರೋ ಬಗ್ಗಿಯ (ಮೆಥನಾಲ್ ಬೆರೆತ ನೈಟ್ರೋ ಇಂಧನದಲ್ಲಿ ಓಡುವ ಪುಟ್ಟ ರಿಮೋಟ್ ಕಾರು) ಪೆಟ್ಟಿಗೆಯಲ್ಲೇ ಒಂದು ಇಗ್ನೈಟರ್ ಬಂದಿತ್ತು, ಅಂದರೆ ಸ್ಟಾರ್ಟ್ ಮಾಡುವಾಗ ಇಂಜಿನ್ನಿನ ಗ್ಲೋ ಪ್ಲಗ್ಗನ್ನು ಕಾಯಿಸುವ ಬ್ಯಾಟರಿ ಸಾಧನ. ಪೆನ್ನಿಗಿಂತ ಸ್ವಲ್ಪ ದಪ್ಪ, ಒಳಗೆ ಒಂದೇ ಒಂದು ಡಬಲ್ ಎ ಸೆಲ್. ಮೊದಲ ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡುವ ಹಗ್ಗ ಎಳೆದೂ ಎಳೆದೂ ಅಂಗೈ ಉರಿಯತೊಡಗಿತು, ಇಂಜಿನ್‌ಗೆ ಮಾತ್ರ ಜೀವ ಬರಲಿಲ್ಲ. ಪ್ಲಗ್ ಬಿಚ್ಚಿ ಇಗ್ನೈಟರ್‌ಗೆ ಸಿಕ್ಕಿಸಿ ನೋಡಿದೆ. ಪ್ಲಗ್ಗಿನ ತಂತಿ ಸುರುಳಿ ಕೆಂಪಾಗಿತ್ತು. ಸರಿ, ಪ್ಲಗ್ ಚೆನ್ನಾಗಿದೆ, ಬ್ಯಾಟರಿಯೂ ಚೆನ್ನಾಗಿದೆ, ತೊಂದರೆ ಕಾರ್ಬ್ಯುರೇಟರ್‌ನಲ್ಲೇ ಇರಬೇಕು ಅಂದುಕೊಂಡು ಅದರ ನೀಡಲ್ (ಇಂಧನದ ಪ್ರಮಾಣ ಹೊಂದಿಸುವ ತಿರುಪು) ತಿರುಗಿಸುತ್ತಾ ಕೂತೆ. ಎರಡು ದಿನ ಹೀಗೇ ಹೋಯಿತು. ಕೊನೆಗೆ ನೀಡಲ್ ಮೊದಲು ಎಷ್ಟು ಸುತ್ತಿನಲ್ಲಿತ್ತು ಅನ್ನುವುದೇ ಮರೆತುಹೋಯಿತು.

ತೊಂದರೆ ಇದ್ದದ್ದು ಬ್ಯಾಟರಿಯಲ್ಲೇ. ಅಲ್ಲಿಂದ ಇಲ್ಲಿಯವರೆಗೆ ಇನ್ನೂ ಎರಡು ಬಗೆಯ ಇಗ್ನೈಟರ್ ಬಳಸಿದ್ದೇನೆ. ಈಗ ಕೈಯಲ್ಲಿರುವುದು ಮೀಟರ್ ಇರುವ, ಸಬ್-ಸಿ ಅನ್ನುವ ರೀಚಾರ್ಜ್ ಸೆಲ್ಲಿನ ಇಗ್ನೈಟರ್. ಎರಡು ವರ್ಷ ದಾಟಿತು, ಇದನ್ನು ಬಿಟ್ಟು ಬೇರೆ ಬೇಕು ಅನ್ನಿಸಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸದಾಗಿ ಕಾರು ಕೊಂಡವರು ನಾನು ಕಳೆದ ಆ ಎರಡು ದಿನವನ್ನು ಕಳೆಯಬಾರದು.

ಗ್ಲೋ ಪ್ಲಗ್ಗಿನ ತುದಿಯಲ್ಲಿ ಪ್ಲಾಟಿನಂ ಬೆರೆತ ಸಣ್ಣ ತಂತಿ ಸುರುಳಿ ಇರುತ್ತದೆ. ಇಂಧನದಲ್ಲಿರುವ ಮೆಥನಾಲ್ ಆವಿ ಪ್ಲಾಟಿನಂಗೆ ತಾಗಿದಾಗ ಅಲ್ಲೇ ಶಾಖ ಹುಟ್ಟುತ್ತದೆ. ಹಾಗಾಗಿ ಇಂಜಿನ್ ಓಡುತ್ತಿರುವಾಗ ಸುರುಳಿ ತನ್ನಷ್ಟಕ್ಕೆ ಬಿಸಿಯಾಗಿಯೇ ಇರುತ್ತದೆ, ಬ್ಯಾಟರಿ ಬೇಡ. ಬ್ಯಾಟರಿ ಬೇಕಾಗುವುದು ಸ್ಟಾರ್ಟ್ ಮಾಡುವ ಆ ಕೆಲವು ಸೆಕೆಂಡಿಗೆ ಮಾತ್ರ. ಆದರೆ ಆ ಕೆಲವು ಸೆಕೆಂಡಿನ ಹಸಿವು ದೊಡ್ಡದು. 1.2ರಿಂದ 1.5 ವೋಲ್ಟಿನಲ್ಲಿ ಪ್ಲಗ್ ಸುಮಾರು 3 ಆಂಪ್ ಎಳೆಯುತ್ತದೆ. ಕೆಲವು ಪ್ಲಗ್ ಇನ್ನೂ ಜಾಸ್ತಿ.

ಇಲ್ಲೇ ಡಬಲ್ ಎ ಸೆಲ್ ಸೋಲುವುದು. ಹೊಸ ಆಲ್ಕಲೈನ್ ಸೆಲ್ಲನ್ನು ಮಲ್ಟಿಮೀಟರ್‌ನಲ್ಲಿ ಹಿಡಿದರೆ 1.5 ವೋಲ್ಟ್ ಅಥವಾ ಸ್ವಲ್ಪ ಮೇಲೇ ತೋರಿಸುತ್ತದೆ. ಅದು ಹೊರೆ ಇಲ್ಲದಾಗಿನ ಮಾತು. ಅದರ ಒಳಗಿನ ರೆಸಿಸ್ಟೆನ್ಸ್ ಸುಮಾರು 0.15 ಓಮ್ ಅಂತ ಇಟ್ಟುಕೊಳ್ಳಿ. 3 ಆಂಪ್ ಎಳೆದ ಕೂಡಲೇ 0.45 ವೋಲ್ಟ್ ಸೆಲ್ಲಿನ ಒಳಗೇ ಕರಗಿಹೋಗುತ್ತದೆ. ಪ್ಲಗ್ಗಿಗೆ ಸಿಗುವುದು ಬರೀ ಒಂದು ವೋಲ್ಟಿನ ಆಸುಪಾಸು. ಸೆಲ್ ಸ್ವಲ್ಪ ಹಳತಾದರೆ ಅದೂ ಇಲ್ಲ. ಹೊರಗೆ ಗಾಳಿಯಲ್ಲಿ ಒಣಗಿದ ಸುರುಳಿ ಅಷ್ಟಕ್ಕೇ ಮಂದ ಕೆಂಪಾಗುತ್ತದೆ. ಇಂಜಿನ್ ಒಳಗೆ ಹೋದರೆ ತಣ್ಣನೆಯ ಒದ್ದೆ ಮೆಥನಾಲ್ ಅದನ್ನು ಆರಿಸಿಬಿಡುತ್ತದೆ. ನನ್ನ ಎರಡು ದಿನ ಹೋದದ್ದು ಹೀಗೆ. ಈಗ ಪ್ಲಗ್ಗನ್ನು ಹೊರಗೆ ಹಿಡಿದು ನೋಡುವಾಗ ಕೆಂಪು ಕಂಡರೆ ನಾನು ಒಪ್ಪುವುದಿಲ್ಲ. ಪಳಪಳ ಹೊಳೆಯುವ ಕಿತ್ತಳೆ ಬಣ್ಣ ಬೇಕು, ಅದೂ ಮುಟ್ಟಿಸಿದ ಒಂದೆರಡು ಸೆಕೆಂಡಿನೊಳಗೆ.

ಸಬ್-ಸಿ ಅಂದರೆ ಎಲೆಕ್ಟ್ರಿಕ್ ಆರ್‌ಸಿ ಕಾರುಗಳ ಹಳೆಯ 7.2 ವೋಲ್ಟ್ ಪ್ಯಾಕಿನಲ್ಲಿ ಆರು ಜೋಡಿಸಿರುತ್ತಿದ್ದರಲ್ಲ, ಅದೇ ಗಿಡ್ಡ ದಪ್ಪ ಸೆಲ್. ಒಂದಕ್ಕೆ 1.2 ವೋಲ್ಟ್. ಅಂಕಿ ನೋಡಿದರೆ ಆಲ್ಕಲೈನ್‌ಗಿಂತ ಕಡಿಮೆ. ಆದರೆ ಒಳಗಿನ ರೆಸಿಸ್ಟೆನ್ಸ್ ಕೆಲವೇ ಮಿಲಿಓಮ್. 3 ಆಂಪ್ ಎಳೆದರೂ ಸೆಲ್ ಬಗ್ಗುವುದಿಲ್ಲ, 1.2 ಹೇಳಿದರೆ 1.2ರ ಹತ್ತಿರವೇ ಕೊಡುತ್ತದೆ.

ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಎಂಎಎಚ್ ಅಂಕಿ, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದು. 1800, 3000, 5000 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಂದು ಲೆಕ್ಕ ಹಾಕೋಣ. ಒಂದು ಸಲ ಸ್ಟಾರ್ಟ್ ಮಾಡಲು 15 ಸೆಕೆಂಡ್, 3 ಆಂಪ್. ಆಯಿತು 12.5 ಎಂಎಎಚ್. 2000ದ ಸೆಲ್ಲಿನಲ್ಲಿ ಇಂಥವು 160. ಎಳೆದು ಒದ್ದಾಡುವುದು, ಸೆಲ್ ಹಳತಾಗುವುದು ಎಲ್ಲ ಸೇರಿಸಿ ಅರ್ಧ ಕಳೆದರೂ 80 ಸಲ. ಒಂದು ದಿನದಲ್ಲಿ ಯಾರು ಅಷ್ಟು ಸಲ ಸ್ಟಾರ್ಟ್ ಮಾಡುತ್ತಾರೆ? ನನ್ನದು 1800ರದ್ದು. ಅದು ಬಯಲಿನಲ್ಲಿ ನನ್ನ ಕೈಬಿಟ್ಟದ್ದು ಒಂದೇ ಸಲ, ಹಿಂದಿನ ರಾತ್ರಿ ಚಾರ್ಜ್ ಹಾಕುವುದನ್ನು ಮರೆತಿದ್ದ ದಿನ. 5000ಕ್ಕೆ ಕೊಡುವ ಹಣವನ್ನು ಒಳ್ಳೆಯ ಪ್ಲಗ್ಗಿಗೆ ಕೊಡಿ.

ಹಣ ಜಾಸ್ತಿ ಕೊಡಲೇಬೇಕೆಂದರೆ ಮೀಟರ್‌ಗೆ ಕೊಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಇಗ್ನೈಟರ್ ತಲೆಯ ಮೇಲೆ ಒಂದು ಪುಟ್ಟ ಮುಳ್ಳು ಇರುತ್ತದೆ, ಪ್ಲಗ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ತೋರಿಸುತ್ತದೆ. ಮುಳ್ಳು ಅಲ್ಲಾಡಲೇ ಇಲ್ಲ ಅಂದರೆ ಸುರುಳಿ ಸುಟ್ಟು ಕಡಿದಿದೆ, ಅಥವಾ ಇಗ್ನೈಟರ್ ಪ್ಲಗ್ಗಿಗೆ ಸರಿಯಾಗಿ ಕೂತಿಲ್ಲ. ಅರ್ಧಕ್ಕೇ ನಿಂತರೆ ಸೆಲ್ ಖಾಲಿಯಾಗುತ್ತಿದೆ. ಎಂದಿಗಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಸುರುಳಿ ಇಂಧನದಲ್ಲಿ ತೊಯ್ದು ತಣ್ಣಗಿದೆ. ತಣ್ಣನೆಯ ತಂತಿಯ ರೆಸಿಸ್ಟೆನ್ಸ್ ಕಡಿಮೆ, ಅದಕ್ಕೇ ಕರೆಂಟ್ ಜಾಸ್ತಿ. ಮುಳ್ಳು ನಡುಗುತ್ತಿದ್ದರೆ ಇಗ್ನೈಟರ್ ಮೂತಿಯೊಳಗೆ ಎಣ್ಣೆ ಕೊಳೆ ಕೂತಿದೆ. ಬಯಲಿನಲ್ಲಿ ಮಂಡಿಯೂರಿ ಕೂತಾಗ ಇಷ್ಟು ವಿಷಯ ಒಂದು ನೋಟಕ್ಕೆ ತಿಳಿದರೆ ನೀಡಲ್ ಮುಟ್ಟುವ ಆಸೆಯೇ ಬರುವುದಿಲ್ಲ.

ಫ್ಲಡ್ ಆಗಿದೆ (ಇಂಜಿನ್ ಒಳಗೆ ಇಂಧನ ತುಂಬಿಕೊಂಡಿದೆ) ಅಂತ ಮುಳ್ಳು ಹೇಳಿದಾಗ ನಾನು ಪ್ಲಗ್ ಬಿಚ್ಚಿ, ತೂತಿನ ಮೇಲೆ ಹಳೇ ಬಟ್ಟೆ ಹಿಡಿದು, ಹಗ್ಗವನ್ನು ನಾಲ್ಕೈದು ಸಲ ಎಳೆಯುತ್ತೇನೆ. ತುಂಬಿಕೊಂಡ ಇಂಧನ ಬಟ್ಟೆಗೆ ಬರುತ್ತದೆ. ಆ ಹೊತ್ತಿನಲ್ಲಿ ಇಗ್ನೈಟರ್ ದೂರ ಇರಲಿ, ಪ್ಲಗ್ ಅದಕ್ಕೆ ಸಿಕ್ಕಿಸಿರಬಾರದು. ಮೆಥನಾಲ್ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಜೊತೆಗೆ ಮಕ್ಕಳಿದ್ದರೆ ಅವರನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ.

ನಡುವೆ ಒಂದು ಲಿಥಿಯಂ ಇಗ್ನೈಟರ್ ಕೂಡ ಕೊಂಡಿದ್ದೆ. ಹಗುರ, ಫೋನ್ ಚಾರ್ಜರ್‌ನಲ್ಲೇ ಚಾರ್ಜ್ ಆಗುತ್ತದೆ, ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಅಷ್ಟಾಗಿ ಇಳಿಯುವುದಿಲ್ಲ. ಈ ಗುಣಗಳೆಲ್ಲ ನಿಜವೇ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಅದನ್ನು ಒಳಗಿನ ಸರ್ಕ್ಯೂಟ್ ಇಳಿಸಿ ಪ್ಲಗ್ಗಿಗೆ ಕೊಡುತ್ತದೆ. ನನ್ನದರಲ್ಲಿ ಆ ಸರ್ಕ್ಯೂಟ್ ತುಂಬ ಅಂಜುಬುರುಕ. ಒಣ ಪ್ಲಗ್ಗಿಗೆ ಸೊಗಸಾಗಿ ಕೆಲಸ ಮಾಡುತ್ತಿತ್ತು. ಪ್ಲಗ್ ಒದ್ದೆಯಾಗಿ ಕರೆಂಟ್ ಜಾಸ್ತಿ ಕೇಳಿದರೆ ಸಾಕು, ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿತ್ತು. ನಮಗೆ ಇಗ್ನೈಟರ್ ನಿಜವಾಗಿ ಬೇಕಾಗುವುದೇ ಅಂಥ ಹೊತ್ತಿನಲ್ಲಿ, ಅಲ್ವಾ? ಎಲ್ಲ ಲಿಥಿಯಂ ಇಗ್ನೈಟರ್‌ಗಳೂ ಹೀಗೇ ಅನ್ನಲಾರೆ. ಕೊಳ್ಳುವುದಾದರೆ ಎಷ್ಟು ಆಂಪ್ ಕೊಡುತ್ತದೆ ಅಂತ ಬರೆದಿರುವುದನ್ನೇ ಕೊಳ್ಳಿ. ಬರಿಯ ಲಿಥಿಯಂ ಸೆಲ್ಲನ್ನು ತಂತಿಯಿಂದ ನೇರ ಪ್ಲಗ್ಗಿಗೆ ಕೊಡುವ ಸಾಹಸ ಮಾತ್ರ ಬೇಡ. ಕಣ್ಣು ಮಿಟುಕಿಸುವುದರಲ್ಲಿ ಸುರುಳಿ ಕಡಿದುಹೋಗುತ್ತದೆ.

ಸಬ್-ಸಿಯಲ್ಲೂ ಕಿರಿಕಿರಿ ಇದೆ. ಜೊತೆಗೆ ಬರುವ ಚಾರ್ಜರ್ 150 ಮಿಲಿಆಂಪಿನದು, ಖಾಲಿ ಸೆಲ್ ತುಂಬಲು 14-16 ಗಂಟೆ. ತುಂಬಿದಾಗ ತಾನೇ ನಿಲ್ಲುವುದೂ ಇಲ್ಲ. ನಾನು ಸಂಜೆ ಹಾಕಿ ಬೆಳಿಗ್ಗೆ ತೆಗೆಯುತ್ತೇನೆ. ಇದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಸುಮ್ನೆ ಇಟ್ಟರೂ ಚಾರ್ಜ್ ಸೋರುತ್ತದೆ. ತಿಂಗಳಿಗೆ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಾಗಾಗಿ ಕಳೆದ ತಿಂಗಳು ತುಂಬಿಟ್ಟಿದ್ದೇನೆ ಅನ್ನುವ ಧೈರ್ಯದಲ್ಲಿ ಹೊರಡಬೇಡಿ. ಚಳಿ ಬೆಳಗಿನಲ್ಲಿ ಸೆಲ್ ಇನ್ನೂ ಮಂಕಾಗುತ್ತದೆ, ಮೆಥನಾಲೂ ಸರಿಯಾಗಿ ಆವಿಯಾಗುವುದಿಲ್ಲ. ಅಂಥ ದಿನ ಇಗ್ನೈಟರ್ ನನ್ನ ಜಾಕೆಟ್ಟಿನ ಒಳಜೇಬಿನಲ್ಲಿರುತ್ತದೆ.

ಕೊಳ್ಳುವ ಮುಂಚೆ ಇನ್ನೆರಡು ನೋಡಿ. ಹಿಂದಿನ ಮುಚ್ಚಳ ತಿರುಗಿಸಿ ಸೆಲ್ ಬದಲಿಸಲು ಬರುತ್ತದೆಯೇ? ನಾನು ಹೋದ ತಿಂಗಳು ಹೊಸ ಸೆಲ್ ಹಾಕಿದೆ, ಐದು ನಿಮಿಷದ ಕೆಲಸ. ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದರೆ ಇಡೀ ಇಗ್ನೈಟರನ್ನೇ ಎಸೆಯಬೇಕಿತ್ತು. ಎರಡನೆಯದು ಕುತ್ತಿಗೆಯ ಉದ್ದ. ಪ್ಲಗ್ ಇರುವುದು ಇಂಜಿನ್ ತಲೆಯ ರೆಕ್ಕೆಗಳ ನಡುವಿನ ಗುಂಡಿಯಲ್ಲಿ. ಗಿಡ್ಡ ಕುತ್ತಿಗೆಯದು ಆ ತಳ ಮುಟ್ಟುವುದಿಲ್ಲ, ಅಥವಾ ಮುಟ್ಟಿದ ಹಾಗೆ ಕಂಡು ಹಿಡಿತ ಸಿಗುವುದಿಲ್ಲ.

ಸ್ಟಾರ್ಟ್ ಆದ ಮೇಲೆ ಹತ್ತು ಸೆಕೆಂಡ್ ಬಿಟ್ಟು ಇಗ್ನೈಟರ್ ತೆಗೆಯಿರಿ. ತೆಗೆದ ಕೂಡಲೇ ಇಂಜಿನ್ ಆರಿಹೋದರೆ ಬ್ಯಾಟರಿಯನ್ನು ದೂರಬೇಡಿ. ಪ್ಲಗ್ ಸವೆದಿರಬಹುದು, ಇಲ್ಲವೇ ಐಡಲ್‌ನಲ್ಲಿ ಇಂಧನ ಜಾಸ್ತಿಯಾಗುತ್ತಿರಬಹುದು. ಆಗ ಸ್ಕ್ರೂಡ್ರೈವರ್ ತೆಗೆಯಿರಿ, ಆದರೆ ನೀಡಲ್ ಎಷ್ಟು ಸುತ್ತಿನಲ್ಲಿದೆ ಅಂತ ಮೊದಲು ಬರೆದಿಟ್ಟುಕೊಳ್ಳಿ.

ನನ್ನ ತಮ್ಮನ ಟ್ರಕ್ಕಿಗೂ ಇದೇ ಬಗೆಯದನ್ನು ತರಿಸಿದ್ದೇನೆ, ಉದ್ದ ಕುತ್ತಿಗೆಯದು. ಇವತ್ತು ಸಂಜೆ ಚಾರ್ಜ್‌ಗೆ ಹಾಕಬೇಕು.