ಸ್ವಂತ ಇಂಡೆಕ್ಸ್ ಯಾರ ಹತ್ತಿರ ಇದೆ? ಪುಟ್ಟ ಸರ್ಚ್ ಎಂಜಿನ್‌ಗಳನ್ನು ಬಳಸಿ ನೋಡಿದ ಮೇಲೆ

ಹಳೆಯ ಫಿಲ್ಮ್ ಕ್ಯಾಮೆರಾ ರಿಪೇರಿ ಮಾಡುವುದು ನನ್ನ ಹವ್ಯಾಸ. ಈ ಕೆಲಸಕ್ಕೆ ಸ್ಕ್ರೂಡ್ರೈವರ್‌ಗಿಂತ ಜಾಸ್ತಿ ಬೇಕಾಗುವುದು ಒಳ್ಳೆಯ ಸರ್ಚ್. ಪೆಂಟಾಕ್ಸ್ ಕೆ1000 ಕ್ಯಾಮೆರಾದ ಹಿಂಬಾಗಿಲಿನ ಸುತ್ತ ಬೆಳಕು ನುಗ್ಗದಂತೆ ಫೋಮ್ ಪಟ್ಟಿ ಹಾಕಿರುತ್ತಾರೆ. ಹಳತಾದಂತೆ ಅದು ಅಂಟಂಟಾಗಿ ಪುಡಿಯಾಗುತ್ತದೆ. ಅದನ್ನು ಕೆರೆದು ತೆಗೆದು ಹೊಸದನ್ನು ಅಂಟಿಸುವ ಬಗೆಯನ್ನು ಯಾರೋ ಪುಣ್ಯಾತ್ಮರು ಎಷ್ಟೋ ವರ್ಷದ ಹಿಂದೆ ತಮ್ಮ ಸ್ವಂತ ಪುಟದಲ್ಲಿ ಬರೆದಿಟ್ಟಿರುತ್ತಾರೆ. ನನಗೆ ಬೇಕಾದದ್ದು ಆ ಪುಟ. ಫೋಮ್ ಮಾರುವವರ ಪುಟ ಅಲ್ಲ. ಯಾವುದೇ ಸರ್ಚ್ ಎಂಜಿನ್ ಸಿಕ್ಕರೂ ನಾನು ಮೊದಲು ನೋಡುವುದು, ಅದು ಇಂಥ ಪುಟ ತೋರಿಸುತ್ತದೆಯೇ ಎಂದು.

ಎರಡನೆಯದಾಗಿ ನೋಡುವುದು, ಅದಕ್ಕೆ ಸ್ವಂತ ಇಂಡೆಕ್ಸ್ ಇದೆಯೇ ಎಂದು. ಇದು ತುಂಬಾ ಮುಖ್ಯ. ಇಂಡೆಕ್ಸ್ ಅಂದರೆ ಕ್ರಾಲರ್ ಎಂಬ ಪ್ರೋಗ್ರಾಮ್ ವೆಬ್ ಪೂರ್ತಿ ಅಲೆದು, ಪುಟಗಳನ್ನು ಓದಿ, ಯಾವ ಪದ ಎಲ್ಲಿದೆ ಎಂದು ಬರೆದಿಟ್ಟುಕೊಂಡ ದೊಡ್ಡ ಪಟ್ಟಿ. ಗೂಗಲ್‌ಗೆ ಪರ್ಯಾಯ ಎಂದು ನಾವು ಕೇಳುವ ಎಷ್ಟೋ ಹೆಸರುಗಳ ಹಿಂದೆ ಇರುವುದು ಬೇರೆಯವರ ಪಟ್ಟಿ. ಡಕ್‌ಡಕ್‌ಗೋ ತನ್ನ ಸಾಮಾನ್ಯ ಫಲಿತಾಂಶಗಳಿಗೆ ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಬಿಂಗ್ ಅನ್ನೇ ನೆಚ್ಚಿದೆ. ಸ್ಟಾರ್ಟ್‌ಪೇಜ್ ತುಂಬಾ ಕಾಲದಿಂದ ಗೂಗಲ್ ಫಲಿತಾಂಶ ತೋರಿಸುತ್ತಿದೆ. ಬಾವಿ ಒಂದೇ, ಕೊಡಗಳು ಬೇರೆ ಬೇರೆ. 2024ರ ಮೇ 23ರಂದು ಬಿಂಗ್ ಕೆಟ್ಟು ನಿಂತಾಗ ಡಕ್‌ಡಕ್‌ಗೋ, ಅದರಂತೆಯೇ ಬಿಂಗ್ ನೆಚ್ಚಿದ್ದ ಇಕೋಸಿಯಾ ಕೂಡ ಜೊತೆಗೇ ನಿಂತವು. ಹೀಗೆಂದು ಡಕ್‌ಡಕ್‌ಗೋ ಬೇಡ ಅನ್ನುತ್ತಿಲ್ಲ. ನಿಮ್ಮ ಹುಡುಕಾಟದ ಚರಿತ್ರೆ ಇಟ್ಟುಕೊಳ್ಳುವುದಿಲ್ಲ ಎಂಬ ಅದರ ನಿಲುವು ನನಗೆ ಇಷ್ಟ. ಆಶ್ಚರ್ಯಸೂಚಕ ಚಿಹ್ನೆ ಹಾಕಿ ಡಬ್ಲ್ಯೂ ಅಕ್ಷರ ಒತ್ತಿ ಪದ ಬರೆದರೆ ನೇರ ವಿಕಿಪೀಡಿಯಾಕ್ಕೆ ಹೋಗುವ ಬ್ಯಾಂಗ್ ಸೌಲಭ್ಯ ಬಹಳ ಚೆನ್ನಾಗಿದೆ.

ಆದರೆ ನನ್ನ ಮನಸ್ಸು ಗೆದ್ದದ್ದು ಮಾರ್ಜಿನೇಲಿಯಾ. ಸ್ವೀಡನ್ನಿನ ಒಬ್ಬ ಪ್ರೋಗ್ರಾಮರ್ 2021ರಲ್ಲಿ ಶುರು ಮಾಡಿದ್ದು. ಮೊದಮೊದಲು ಅವರ ಮನೆಯ ಕಂಪ್ಯೂಟರ್‌ನಲ್ಲೇ ಓಡುತ್ತಿತ್ತು. ಕೋಡ್ ಎಲ್ಲರಿಗೂ ತೆರೆದಿದೆ. ಬರಹ ಜಾಸ್ತಿ ಇರುವ, ಜಾಹೀರಾತು ಮತ್ತು ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಮ್) ಗದ್ದಲ ಕಡಿಮೆ ಇರುವ ಪುಟಗಳನ್ನು ಅದು ಬೇಕೆಂದೇ ಮುಂದೆ ತರುತ್ತದೆ. ಅಲ್ಲಿ ಕ್ಯಾಮೆರಾ ಮಾಡೆಲ್ ಹೆಸರು ಹಾಕಿದರೆ, ಬೂದು ಹಿನ್ನೆಲೆಯ, ಫೋಟೋಗಳೆಲ್ಲ ಅಂಚೆಚೀಟಿಯಷ್ಟು ಚಿಕ್ಕದಾಗಿರುವ ಹಳೆಯ ಪುಟಗಳು ಬರುತ್ತವೆ. ಓದುತ್ತಾ ಹೋದರೆ ಯಾವ ಸ್ಕ್ರೂ ಎಡಕ್ಕೆ ತಿರುಗುತ್ತದೆ, ಯಾವ ಸ್ಪ್ರಿಂಗ್ ಹಾರಿ ಹೋಗುತ್ತದೆ ಎಂದೆಲ್ಲ ಬರೆದಿರುತ್ತಾರೆ. ಇಂಥ ವೆಬ್ ಸತ್ತೇ ಹೋಯಿತು ಅಂದುಕೊಂಡಿದ್ದೆ. ಇನ್ನೂ ಇದೆ, ನಮಗೆ ಯಾರೂ ತೋರಿಸುತ್ತಿರಲಿಲ್ಲ ಅಷ್ಟೇ. ಇವತ್ತಿನ ಸುದ್ದಿಗೆ, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ನೋಡುವುದಕ್ಕೆ ಇದು ಆಗುವುದಿಲ್ಲ. ಕನ್ನಡ ಬರಹಕ್ಕೂ ಅಲ್ಲ. ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ.

ಇಂಗ್ಲೆಂಡಿನ ಮೊಜೀಕ್ 2004ರಿಂದ ಇದೆ. ತನ್ನದೇ ಕ್ರಾಲರ್, ತನ್ನದೇ ಇಂಡೆಕ್ಸ್. ಈಗ ಅದರಲ್ಲಿ ನೂರಾರು ಕೋಟಿ ಪುಟಗಳಿವೆ. ದೈತ್ಯರ ಮುಂದೆ ಇದು ಚಿಕ್ಕದೇ, ಆದರೆ ಬೇರೆಯವರ ಹಂಗಿಲ್ಲದೆ ಇಷ್ಟು ಕಟ್ಟಿದ್ದಾರಲ್ಲ, ಅದಕ್ಕೆ ಕೈ ಮುಗಿಯಬೇಕು. ಫಲಿತಾಂಶದಲ್ಲಿ ಏರುಪೇರು ಇದೆ. ಒಮ್ಮೊಮ್ಮೆ ಮೊದಲ ಪುಟದಲ್ಲೇ ಎಲ್ಲೂ ಕಾಣದ ಒಳ್ಳೆಯ ಲೇಖನ ಸಿಗುತ್ತದೆ, ಒಮ್ಮೊಮ್ಮೆ ಸಂಬಂಧವೇ ಇಲ್ಲದ್ದು.

ದಿನನಿತ್ಯಕ್ಕೆ ನಾನು ಡೀಫಾಲ್ಟ್ (ಬ್ರೌಸರ್ ತಾನಾಗಿಯೇ ಬಳಸುವ ಎಂಜಿನ್) ಮಾಡಿಕೊಂಡಿರುವುದು ಬ್ರೇವ್ ಸರ್ಚ್. 2021ರಲ್ಲಿ ಟೈಲ್‌ಕ್ಯಾಟ್ ಎಂಬ ಎಂಜಿನ್ ಕೊಂಡು ಶುರು ಮಾಡಿದರು, 2023ರಲ್ಲಿ ಬಿಂಗ್ ನೆರವನ್ನು ಪೂರ್ತಿ ಬಿಟ್ಟರು. ಬ್ರೇವ್ ಬ್ರೌಸರ್ ಇಲ್ಲದೆಯೂ ಬಳಸಬಹುದು. ಕಾಗಿ ಎಂಬ ಸರ್ಚ್ ಎಂಜಿನ್ ದುಡ್ಡು ಕೊಟ್ಟು ಬಳಸುವಂಥದ್ದು: ತಿಂಗಳಿಗೆ 5 ಡಾಲರ್‌ಗೆ 300 ಹುಡುಕಾಟ, 10 ಡಾಲರ್‌ಗೆ ಲೆಕ್ಕವಿಲ್ಲದಷ್ಟು. ಜಾಹೀರಾತು ಇಲ್ಲ. ಬೇಡದ ಸೈಟನ್ನು ಒಂದೇ ಕ್ಲಿಕ್‌ನಲ್ಲಿ ಶಾಶ್ವತವಾಗಿ ಮುಚ್ಚಬಹುದು, ಇಷ್ಟದ ಸೈಟನ್ನು ಮೇಲೆ ತರಬಹುದು. ದಿನವಿಡೀ ಹುಡುಕುವುದೇ ಕೆಲಸವಾಗಿರುವವರಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಅದು ತನ್ನ ಇಂಡೆಕ್ಸ್ ಜೊತೆಗೆ ಬೇರೆಯವರ ಫಲಿತಾಂಶವನ್ನೂ ಬೆರೆಸುತ್ತದೆ, ಇದು ತಿಳಿದಿರಲಿ.

ಇಷ್ಟು ಚೆನ್ನಾಗಿದ್ದರೂ ಇವು ಯಾಕೆ ಬೆಳೆಯುವುದಿಲ್ಲ? ನೀವಾ ಎಂಬ ಸರ್ಚ್ ಎಂಜಿನ್ ಕಥೆ ನೋಡಿ. ಗೂಗಲ್‌ನ ಜಾಹೀರಾತು ವಿಭಾಗ ನಡೆಸಿದ್ದ ಶ್ರೀಧರ್ ರಾಮಸ್ವಾಮಿ ಅವರೇ ಕಟ್ಟಿದ ಎಂಜಿನ್ ಅದು. 2023ರಲ್ಲಿ ಮುಚ್ಚಿತು. ದುಡ್ಡು ಕೊಡಿ ಎಂದು ಒಪ್ಪಿಸುವುದಕ್ಕಿಂತ, ಒಮ್ಮೆ ಬಳಸಿ ನೋಡಿ ಎಂದು ಒಪ್ಪಿಸುವುದೇ ಕಷ್ಟವಾಯಿತು ಎಂದು ಅವರು ಆಗ ಹೇಳಿದರು. ಡೀಫಾಲ್ಟ್ ಜಾಗದ ಬೆಲೆ ಅಂಥದ್ದು. ಸಫಾರಿ ಬ್ರೌಸರ್‌ನಲ್ಲಿ ಆ ಜಾಗಕ್ಕಾಗಿ ಗೂಗಲ್ 2022ರಲ್ಲಿ ಆ್ಯಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟದ್ದು ಅಮೆರಿಕದ ಕೋರ್ಟ್ ಕೇಸಿನಲ್ಲಿ ಹೊರಬಂತು. ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು 2024ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಗೂಗಲ್ ತನ್ನ ಸರ್ಚ್ ಡೇಟಾದಲ್ಲಿ ಕೆಲವನ್ನು ಸ್ಪರ್ಧಿಗಳ ಜೊತೆ ಹಂಚಿಕೊಳ್ಳಬೇಕು ಎಂದು 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು ಹೇಳಿದರು. ಆದರೆ ಡೀಫಾಲ್ಟ್ ಜಾಗಕ್ಕೆ ದುಡ್ಡು ಕೊಡುವುದನ್ನು ಪೂರ್ತಿ ತಡೆಯಲಿಲ್ಲ. ನನಗೆ ಇದು ಸಾಲದು ಅನ್ನಿಸುತ್ತದೆ. ಪುಟ್ಟವರು ಉಳಿಯಬೇಕಾದರೆ ನಾವು ಬಳಸಬೇಕು, ಬೇರೆ ದಾರಿ ಕಾಣುತ್ತಿಲ್ಲ.

ಬದಲಾಯಿಸುವುದು ಸುಲಭ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ಎಂಬ ಕಡೆ ಹೋಗಿ ಬೇರೆ ಹೆಸರು ಆರಿಸಿದರೆ, ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಿಕೊಂಡರೆ ಆಯಿತು. ಮೊದಲ ಸಲ ಬೇಕಾದ್ದು ಸಿಗದಿದ್ದರೆ ಸುಮ್ನೆ ವಾಪಸ್ ಹೋಗಬೇಡಿ, ಎರಡು ಪದ ಜಾಸ್ತಿ ಸೇರಿಸಿ ನೋಡಿ. ನಿಮ್ಮ ಹಳೆಯ ಹುಡುಕಾಟ ನೋಡಿ ಇವು ಊಹೆ ಮಾಡುವುದಿಲ್ಲ, ಆ ಹೊತ್ತಿಗೆ ನೀವು ಬರೆದದ್ದನ್ನೇ ಹಿಡಿದು ಹುಡುಕುತ್ತವೆ. ಅದಕ್ಕೇ ಬರೀ ಕ್ಯಾಮೆರಾ ಹೆಸರಿಗಿಂತ ಹೆಸರು, ಮಾಡೆಲ್, ಕೆಟ್ಟಿರುವ ಭಾಗ ಮೂರನ್ನೂ ಬರೆದರೆ ಚೆನ್ನಾಗಿ ಸಿಗುತ್ತದೆ.